ಅಕ್ರಿಲಿಕ್ ಪೆನ್ನು: ಹೊಳಪಿನಡಿ ಉಳಿಯುವ ಗೆರೆ, ವಾರದ ಮೇಲೆ ಬೀಳುವ ಬಿರುಕು

ಪ್ರಶ್ನೆ
ಹಾಸನದ ಹವ್ಯಾಸಿ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಮನೆಯ ಹಿಂದಿನ ಶೆಡ್ಡಿನಲ್ಲಿ ಮರಗೆಲಸದ ಒಂದು ಚಿಕ್ಕ ಲೇತ್ ಇಟ್ಟುಕೊಂಡು ಬೀಟೆ, ಹಲಸು ಮತ್ತು ತೋಟಗಳಲ್ಲಿ ಕಿತ್ತುಹಾಕಿದ ಹಳೆಯ ಕಾಫಿ ಗಿಡದ ಬೊಡ್ಡೆಗಳಿಂದ ಬಾಲ್ ಪೆನ್ನುಗಳನ್ನು ಕಡೆಯುತ್ತಿದ್ದೇನೆ. ಮರದ ಕೆಲಸ ಕೈಗೆ ಕೂತಿತು ಎಂಬ ಧೈರ್ಯದಿಂದ ಈ ಬೇಸಿಗೆಯಲ್ಲಿ ಅಕ್ರಿಲಿಕ್‌ಗೆ ಕೈಹಾಕಿದೆ. ಇಷ್ಟರವರೆಗೆ ಮಾಡಿದ ಹನ್ನೊಂದು ಪೆನ್ನುಗಳಲ್ಲಿ ಇನ್ನೊಬ್ಬರಿಗೆ ಕೊಡಲು ನಾಚಿಕೆಯಾಗದಂಥವು ನಾಲ್ಕೇ ನಾಲ್ಕು.

ನಾನು ಅನುಸರಿಸುವ ಕ್ರಮವನ್ನು ಮೊದಲೇ ಹೇಳಿಬಿಡುತ್ತೇನೆ. 19 ಮಿ.ಮೀ. ಚೌಕದ ಕಡ್ಡಿಯನ್ನು ಎರಡು ತುಂಡು ಮಾಡಿ, 7 ಮಿ.ಮೀ. ಡ್ರಿಲ್ಲಿನಿಂದ ಉದ್ದಕ್ಕೂ ಕೊರೆದು, ಸೂಪರ್ ಗ್ಲೂ ಹಚ್ಚಿ ಹಿತ್ತಾಳೆಯ ಕೊಳವೆಯನ್ನು ಒಳಗೆ ಕೂರಿಸುತ್ತೇನೆ. ಮ್ಯಾಂಡ್ರೆಲ್ (ತುಂಡುಗಳನ್ನು ಪೋಣಿಸಿ ಲೇತಿಗೆ ಸಿಕ್ಕಿಸುವ ಸರಳು) ಮೇಲೆ ಏರಿಸಿದ ಬಳಿಕ ಬಾಗಿದ ಅಲಗಿನ ಗೌಜ್ ಉಳಿಯಿಂದ ಮೂಲೆಗಳನ್ನು ತೆಗೆದು, ಓರೆ ಅಲಗಿನ ಸ್ಕ್ಯೂ ಉಳಿಯಿಂದ ಆಕಾರಕ್ಕೆ ತರುತ್ತೇನೆ. ಲೇತಿನ ವೇಗ ನಿಮಿಷಕ್ಕೆ ಹೆಚ್ಚುಕಡಿಮೆ 2800 ಸುತ್ತು. ಆಮೇಲೆ 400ರಿಂದ 2000 ನಂಬರಿನವರೆಗೆ ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ, ನಂಬರ್ ಹೆಚ್ಚಿದಷ್ಟೂ ನುಣುಪು) ಉಜ್ಜಿ, ಅದರ ಮೇಲೆ ಮೆತ್ತನೆಯ ಮೈಕ್ರೋಮೆಶ್ (ಹೊಳಪು ತರಲು ಉಜ್ಜುವ ನುಣುಪು ಹಾಳೆ) ತುಂಡುಗಳನ್ನು 1500ರಿಂದ 12000ದವರೆಗೆ ಒಂದನ್ನೂ ಬಿಡದೆ ಬಳಸುತ್ತೇನೆ. ಕೊನೆಗೆ ಕಾರಿಗೆ ಹಚ್ಚುವ ಪಾಲಿಶ್ ಹಾಕಿ, ಅದರ ಜಿಡ್ಡು ಹೋಗಲೆಂದು ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುತ್ತೇನೆ. ಒದ್ದೆ ಮಾಡಿದರೆ ಶೆಡ್ಡೆಲ್ಲ ರಾಡಿಯಾಗುತ್ತದೆಂದು ಕೆಲವು ಸಲ ಕಾಗದವನ್ನು ಒಣದಾಗಿಯೇ ಉಜ್ಜಿದ್ದೂ ಉಂಟು.

ತೊಂದರೆಗಳು ಇವು. ಒಂದು, ನೆರಳಿನಲ್ಲಿ ಹಿಡಿದರೆ ಗಾಜಿನಂತೆ ಕಾಣುವ ಪೆನ್ನನ್ನು ಟ್ಯೂಬ್‌ಲೈಟಿನ ಕೆಳಗೆ ಸ್ವಲ್ಪ ಓರೆ ಮಾಡಿದರೆ ಸಾಕು, ಹೊಳಪಿನ ಅಡಿಯಲ್ಲಿ ಸುತ್ತಲೂ ಉಂಗುರದಂಥ ಸಣ್ಣ ಗೆರೆಗಳು ಏಳುತ್ತವೆ. ಎರಡು, ಒಂದು ನೀಲಿ ಪೆನ್ನಿನ ಹೊಟ್ಟೆಯ ಭಾಗದಲ್ಲಿ ಎಂಟು ದಿನವಾದ ಮೇಲೆ ಜೇಡರ ಬಲೆಯಂತೆ ಕೂದಲೆಳೆಯ ಬಿರುಕುಗಳು ಕಾಣಿಸಿಕೊಂಡವು, ಉಗುರಿಗೆ ಸಿಗುವುದಿಲ್ಲ, ಬೆಳಕಿಗೆ ಬೆಳ್ಳಿಯಂತೆ ಮಿನುಗುತ್ತವೆ. ಮೂರು, ಕೆಂಗಂದು ಬಣ್ಣದ ಇನ್ನೊಂದು ಪೆನ್ನಿನಲ್ಲಿ ಬಲೆ ಇಲ್ಲ, ಕ್ಲಿಪ್ಪಿನ ತುದಿಯಿಂದ ಹೊರಟ ಒಂದೇ ಒಂದು ಸೀಳು ಇದೆ. ನಾಲ್ಕನೆಯದು ಚಿಕ್ಕದು: ಹಾಲುಬಿಳುಪಿನ ಪೆನ್ನಿನಲ್ಲಿ ಒಳಗಿನ ಹಿತ್ತಾಳೆ ಕೊಳೆಯಂತೆ ಹೊರಕ್ಕೆ ತೋರುತ್ತದೆ. ಇವುಗಳ ಜೊತೆಗೆ, ಮೂಲೆ ತೆಗೆಯುವಾಗ ಎರಡು ತುಂಡುಗಳಿಂದ ಚಕ್ಕೆ ಎದ್ದುಹೋಗಿ ಅವು ಗುಜರಿ ಡಬ್ಬಕ್ಕೆ ಸೇರಿದವು.

ಇನ್ನೂ ದುಬಾರಿ ಪಾಲಿಶ್ ತರಿಸಿಕೊಂಡರೆ ಸರಿಹೋಗುತ್ತದೆ ಎಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಹಣ ಸುರಿಯುವ ಮುನ್ನ ಬಲ್ಲವರ ಅಭಿಪ್ರಾಯ ಕೇಳೋಣವೆಂದು ಬರೆದಿದ್ದೇನೆ.

ಉತ್ತರ
ಪಲ್ಪರ್ ಟರ್ನರ್, ಚಿಕ್ಕಮಗಳೂರು

ನಮಸ್ಕಾರ. ನಾನು ಮರದ ಲೇತಿನವನಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಶಾಫ್ಟು, ಗನ್‌ಮೆಟಲ್ ಬುಷ್ಷು, ಸ್ಪ್ರೇಯರ್ ಪಂಪಿನ ಬಿಡಿಭಾಗ ಇಂಥವನ್ನು ಮಾಡಿಕೊಡುವ ಕಬ್ಬಿಣದ ಲೇತಿನವನು. ಕೊಯ್ಲು ಮುಗಿದು ಮಾರ್ಚ್ ದಾಟಿದರೆ ಮುಂದಿನ ಹಂಗಾಮಿನ ರಿಪೇರಿಗಳು ಬರುವವರೆಗೆ ಅಂಗಡಿಯಲ್ಲಿ ಬಿಡುವಿರುತ್ತದೆ, ಆ ಬಿಡುವಿನಲ್ಲಿ ಪೆನ್ನು ಕಡೆಯುವ ಚಟ ಹತ್ತಿದೆ. ನಿಮ್ಮ ಬರಹ ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಪಾಲಿಶ್‌ನಲ್ಲಿ ದೋಷವಿಲ್ಲ, ದಯವಿಟ್ಟು ಹೊಸದನ್ನು ಕೊಳ್ಳಬೇಡಿ.

ಉಂಗುರದ ಗೆರೆಗಳ ವಿಷಯ ಮೊದಲು. ನೀವು 2000 ನಂಬರಿನ ವಾಟರ್ ಪೇಪರ್ ಮುಗಿಸಿ ಆಮೇಲೆ 1500ರ ಮೈಕ್ರೋಮೆಶ್ ಹಿಡಿಯುತ್ತೀರಿ. ಎರಡೂ ಒಂದೇ ಅಳತೆಗೋಲಿನ ಸಂಖ್ಯೆಗಳೆಂದು ತಿಳಿದರೂ 2000 ಆದ ಮೇಲೆ 1500 ಎಂದರೆ ಹಿಂದಕ್ಕೆ ಹೋದಂತೆಯೇ, ಆದರೆ ನಿಜಸ್ಥಿತಿ ಇನ್ನೂ ಕೆಟ್ಟದ್ದು. ಮೈಕ್ರೋಮೆಶ್‌ನ ಸಂಖ್ಯೆಗಳು ಅದರದ್ದೇ ಬೇರೆ ಲೆಕ್ಕದವು. ಅದರ 1500 ನಮ್ಮ ಕಾಗದದ ಸುಮಾರು 800ಕ್ಕೆ ಸಮ, ಅದರ 2400 ಸುಮಾರು 1200ಕ್ಕೆ ಸಮ, ಅದರ 3600 ಬಂದಾಗಷ್ಟೇ ನಮ್ಮ 2000ದ ನುಣುಪು ಸಿಗುತ್ತದೆ. ಅಂದರೆ 2000ದ ಕಾಗದದಿಂದ ನೀವು ಕಷ್ಟಪಟ್ಟು ಅಳಿಸಿದ್ದನ್ನು ಮುಂದಿನ ತುಂಡಿನಿಂದ ನೀವೇ ಮತ್ತೆ ಗೀರುತ್ತಿದ್ದೀರಿ. ಇನ್ನು ಮುಂದೆ ಎರಡರಲ್ಲಿ ಒಂದು ದಾರಿ ಹಿಡಿಯಿರಿ: 600ರ ಕಾಗದದವರೆಗೆ ಹೋಗಿ ಅಲ್ಲಿಂದ ಮೈಕ್ರೋಮೆಶ್ 1500ಕ್ಕೆ ದಾಟಿ, ಅಥವಾ ಕಾಗದದಲ್ಲೇ 2000 ಮುಗಿಸಿ ನೇರವಾಗಿ ಮೈಕ್ರೋಮೆಶ್ 4000ಕ್ಕೆ ಹೋಗಿ. ನಾನು ಎರಡನೆಯದನ್ನು ಮಾಡುತ್ತೇನೆ, ಏಕೆಂದರೆ ವಾಟರ್ ಪೇಪರ್ ಕಾರಿನ ಪೇಂಟ್ ಮಾರುವ ಯಾವ ಅಂಗಡಿಯಲ್ಲಾದರೂ ಬಿಡಿ ಹಾಳೆಯಾಗಿ ಸಿಗುತ್ತದೆ, ಸವೆದರೆ ಎಸೆಯಲು ಮನಸ್ಸು ಹಿಂಜರಿಯುವುದಿಲ್ಲ.

ಎರಡನೆಯ ಕಾರಣ, ತಿರುಗುತ್ತಿರುವ ಜಾಬ್ (ಲೇತಿಗೆ ಏರಿಸಿದ ತುಂಡು) ಮೇಲೆ ಕಾಗದ ಹಿಡಿದರೆ ಗೀರುಗಳೆಲ್ಲ ಸುತ್ತಲೂ ಒಂದೇ ದಿಕ್ಕಿಗೆ ಬೀಳುತ್ತವೆ. ಮುಂದಿನ ನಂಬರಿನ ಕಾಗದವೂ ಅದೇ ದಿಕ್ಕಿಗೆ ಓಡುವುದರಿಂದ ಹಳೆಯ ಆಳದ ಗೀರು ಯಾವುದು, ಹೊಸ ತೆಳು ಗೀರು ಯಾವುದು ಎಂದು ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಆದ್ದರಿಂದ ಪ್ರತಿ ನಂಬರ್ ಮುಗಿದ ಕೂಡಲೇ ಲೇತ್ ನಿಲ್ಲಿಸಿ, ಅದೇ ಕಾಗದದಿಂದ ಪೆನ್ನಿನ ಉದ್ದಕ್ಕೆ, ಕೈಯಿಂದಲೇ ಜಾಬನ್ನು ಸ್ವಲ್ಪಸ್ವಲ್ಪ ತಿರುಗಿಸುತ್ತಾ ಉಜ್ಜಿ. ಉದ್ದದ ಗೀರುಗಳ ನಡುವೆ ಅಡ್ಡ ಉಂಗುರ ಒಂದೇ ಒಂದು ಉಳಿದಿದ್ದರೂ ಅದು ಎದ್ದು ಕಾಣುತ್ತದೆ, ಕಂಡರೆ ಮುಂದಿನ ನಂಬರಿಗೆ ಹೋಗಬಾರದು.

ನೋಡುವ ಮೊದಲು ಪೂರ್ತಿ ಒರೆಸಿ ಒಣಗಿಸಬೇಕು. ಇದರಲ್ಲಿ ನಾನು ಬಹಳ ದಿನ ಮೋಸಹೋಗಿದ್ದೇನೆ. ನೀರು ಗೀರಿನೊಳಗೆ ತುಂಬಿಕೊಂಡು ಅದನ್ನು ಮುಚ್ಚಿಬಿಡುತ್ತದೆ, 800ರ ಕಾಗದ ಮುಗಿಸಿದ ಪೆನ್ನು ಒದ್ದೆಯಿರುವಾಗ ಕೆಲಸ ಮುಗಿದೇಹೋಯಿತು ಎನ್ನುವಷ್ಟು ಚೆನ್ನಾಗಿ ಕಾಣುತ್ತದೆ. ಹಳೆಯ ಪಂಚೆಯ ತುಂಡಿನಿಂದ ಒರೆಸಿ, ಬಾಗಿಲ ಹತ್ತಿರ ತಂದು, ಬೆಳಕಿಗೆ ಓರೆಯಾಗಿ ಹಿಡಿದರೆ ಬೂದಿ ಬಳಿದಂತೆ ಮಂಕಾಗಿರುತ್ತದೆ. ಒರೆಸುವುದು ಲೇತ್ ನಿಂತಿರುವಾಗ ಮಾತ್ರ. ತಿರುಗುವ ಜಾಬಿಗೆ ಬಟ್ಟೆ ಹಿಡಿದರೆ ಬಟ್ಟೆಯ ಜೊತೆಗೆ ಬೆರಳೂ ಸುತ್ತಿಕೊಳ್ಳುತ್ತದೆ, ಪಾಲಿಶ್ ಹಚ್ಚಲು ಹರಿದುಹೋಗುವ ಟಿಶ್ಯೂ ಕಾಗದವೇ ಸರಿ. ನೀರಿನ ಬಟ್ಟಲನ್ನೂ ನಂಬರಿಗೊಮ್ಮೆ ಬದಲಿಸಿ, ಏಕೆಂದರೆ 400ರ ಒಂದು ಕಣ ತೇಲಿಬಂದು 2000ದ ಕಾಗದದಡಿ ಸಿಕ್ಕಿಕೊಂಡರೆ ಆ ಉಂಗುರ ಹೋಗುವುದಿಲ್ಲ. ಪಾತ್ರೆ ತೊಳೆಯುವ ಸೋಪಿನ ಒಂದು ತೊಟ್ಟು ಹಾಕಿದರೆ ಬಿಳಿ ಮಡ್ಡಿ ಕಾಗದಕ್ಕೆ ಮೆತ್ತಿಕೊಳ್ಳುವುದಿಲ್ಲ.

ಇನ್ನು ಚಕ್ಕೆ ಏಳುವ ವಿಷಯ. ನಿಮ್ಮ ವೇಗ ತಪ್ಪಲ್ಲ. 50 ಮಿ.ಮೀ. ಶಾಫ್ಟನ್ನು ನಾನು 300ರ ವೇಗದಲ್ಲಿ ತಿರುಗಿಸಿದರೆ ಟೂಲಿನ ಮೊನೆಯ ಕೆಳಗೆ ನಿಮಿಷಕ್ಕೆ 47 ಮೀಟರ್ ಲೋಹ ಹಾಯುತ್ತದೆ. ನಿಮ್ಮ ಪೆನ್ನು 12 ಮಿ.ಮೀ.ಗೆ ಇಳಿದ ಮೇಲೆ 2800ರಲ್ಲಿ ನಿಮಿಷಕ್ಕೆ ಸುಮಾರು 106 ಮೀಟರ್ ಹಾಯುತ್ತದೆ. ಅಕ್ರಿಲಿಕ್‌ಗೆ ಅದು ಹೆಚ್ಚಲ್ಲ. ತೊಂದರೆ ಇರುವುದು ಚೌಕದ ಮೂಲೆಯಲ್ಲಿ. 19 ಮಿ.ಮೀ. ಚೌಕದ ಮೂಲೆಯಿಂದ ಮೂಲೆಗೆ ಸುಮಾರು 27 ಮಿ.ಮೀ. ಇದೆ, ಒಂದೊಂದು ಸುತ್ತಿಗೂ ಆ ಮೂಲೆ ನಾಲ್ಕು ಸಲ ಬಂದು ಉಳಿಗೆ ಬಡಿಯುತ್ತದೆ. ಲೇತಿಗೆ ಏರಿಸುವ ಮೊದಲೇ ನಾಲ್ಕೂ ಮೂಲೆಗಳನ್ನು ಅರದಿಂದಲೋ ಗ್ರೈಂಡರಿನ ಸ್ಯಾಂಡಿಂಗ್ ಡಿಸ್ಕಿನಿಂದಲೋ ನಿಧಾನವಾಗಿ ಸವೆಸಿ ಎಂಟು ಮೂಲೆ ಮಾಡಿಕೊಂಡರೆ ಅರ್ಧ ಗಂಡಾಂತರ ಕಳೆಯಿತು. ಉಳಿ ಮಂಡಾಗಿದ್ದರೆ ಉಳಿದರ್ಧವೂ ಉಳಿಯುತ್ತದೆ. ಪೆನ್ನೊಂದಕ್ಕೆ ಮೂರು ಸಲ ಸಾಣೆ ಹಿಡಿದರೂ ಹೆಚ್ಚಲ್ಲ. ನನ್ನಂತೆ ಟೂಲ್ ಬಿಟ್ (ಲೇತಿಗೇ ಬಿಗಿಯುವ ಕತ್ತರಿಸುವ ಮೊನೆ) ಕಟ್ಟಿ ಕೆಲಸ ಮಾಡುವವರು ಮೇಲಿನ ಮುಖದ ಇಳಿಜಾರನ್ನು ಪೂರ್ತಿ ಚಪ್ಪಟೆ ಮಾಡಿಕೊಳ್ಳಬೇಕು, ಅಲ್ಯೂಮಿನಿಯಮ್ಮಿಗೆ ಇಡುವ ಇಳಿಜಾರು ಇಟ್ಟರೆ ಟೂಲ್ ಒಳಕ್ಕೆ ಎಳೆದುಕೊಂಡು ಜಾಬನ್ನು ಸೀಳುತ್ತದೆ.

ಕಟ್ ಹದವಾಗಿದೆಯೇ ಎಂದು ತಿಳಿಯಲು ಮೀಟರ್ ಬೇಡ. ಹದವಾಗಿದ್ದರೆ ಉಳಿಯ ತುದಿಯಿಂದ ಒತ್ತು ಶಾವಿಗೆಯಂತೆ ತುಂಡಾಗದ ಎಳೆ ಹೊರಬರುತ್ತದೆ, ಸದ್ದು ಹಾವು ಬುಸುಗುಟ್ಟಿದಂತಿರುತ್ತದೆ. ಟಕಟಕ ಸದ್ದಿನ ಜೊತೆ ಕಲ್ಲುಪ್ಪಿನಂಥ ಚೂರುಗಳು ಮುಖಕ್ಕೆ ಸಿಡಿದರೆ ಉಳಿ ಮಂಡಾಗಿದೆ, ಅಥವಾ ನೀವು ಒಂದೇ ಸಲಕ್ಕೆ ಉಳಿಗೆ ಹೆಚ್ಚು ತಿನ್ನಿಸುತ್ತಿದ್ದೀರಿ. ಆ ಶಾವಿಗೆ ಜಾಬಿಗೇ ಸುತ್ತಿಕೊಂಡು ಉಂಡೆಯಾದರೆ ಕೈಯಿಂದ ಎಳೆಯಬಾರದು, ಲೇತ್ ನಿಲ್ಲಿಸಿ ಬ್ರಷ್ಷಿನಿಂದ ಬಿಡಿಸಬೇಕು, ಉಂಡೆಯ ಕೆಳಗೆ ಬಿಸಿ ಕೂಡಿಕೊಳ್ಳುತ್ತದೆ. ಹೀಗೆ ನುಣುಪಾಗಿ ಕಡೆದ ಪೆನ್ನಿಗೆ 400ರ ಕಾಗದವೇ ಬೇಕಾಗುವುದಿಲ್ಲ, 800ರಿಂದ ಶುರುಮಾಡಬಹುದು. ನನ್ನ ಪ್ರಕಾರ ಪಾಲಿಶ್‌ನ ಮುಕ್ಕಾಲು ಪಾಲು ಉಳಿಯಲ್ಲೇ ಆಗಬೇಕು.

ನಮ್ಮೆರಡು ಊರುಗಳ ನಡುವೆ ಬೇಲೂರು ಇದೆಯಲ್ಲ, 1117ರ ಆ ಗುಡಿಯ ನವರಂಗದ ಕಂಬಗಳೂ ತಿರುಗಿಸಿ ಕಡೆದವೇ. ಬಳಪದ ಕಲ್ಲು ಮೆದು, ಬಿಸಿಗೆ ಕರಗುವುದಿಲ್ಲ. ನಮ್ಮ ಅಕ್ರಿಲಿಕ್ ಮೆದುವೂ ಹೌದು, ಬಿಸಿಗೆ ಸೋಲುವಂಥದ್ದೂ ಹೌದು, ತೊಂದರೆಯೆಲ್ಲ ಅಲ್ಲಿಯೇ. ಬಿರುಕಿನ ಬಗ್ಗೆ ನನಗಿಂತ ಹೆಚ್ಚು ಬಲ್ಲವರು ಇಲ್ಲಿದ್ದಾರೆ, ಅವರು ಹೇಳಲಿ.

ಉತ್ತರ
ನಾಮಫಲಕದವನು, ಹಾಸನ

ಟರ್ನರ್ ಅವರು ಬಿಟ್ಟ ಎಳೆಯಿಂದಲೇ ಶುರುಮಾಡುತ್ತೇನೆ. ನಮ್ಮದು ಅಕ್ರಿಲಿಕ್ ಅಕ್ಷರಗಳ ಬೋರ್ಡು, ಟ್ರೋಫಿ, ಮೇಜಿನ ಹೆಸರಫಲಕ ಮಾಡುವ ಅಂಗಡಿ. ನೀಲಿ ಪೆನ್ನಿನ ಜೇಡರ ಬಲೆಯನ್ನು ನಾನು ವರ್ಷಕ್ಕೆ ಹತ್ತಾರು ಸಲ ನೋಡುತ್ತೇನೆ, ಅದಕ್ಕೆ ಕಾರಣ ನಿಮ್ಮ ಕೈಯಲ್ಲಿದ್ದ ಸ್ಪಿರಿಟ್ಟಿನ ಹತ್ತಿ.

ಆದರೆ ಸ್ಪಿರಿಟ್ ಒಂದೇ ಅಪರಾಧಿಯಲ್ಲ. ಕೆಲಸ ಮಾಡದ ಹೊಸ ಹಾಳೆಯ ಮೇಲೆ ಸ್ಪಿರಿಟ್ ಒರೆಸಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಬಿಸಿಯಾಗಿ ತಣಿದ ಜಾಗಕ್ಕೆ ಒರೆಸಿದರೆ ಮಾತ್ರ ಬಲೆ ಬೀಳುತ್ತದೆ. ಅಕ್ರಿಲಿಕ್ ಸುಮಾರು 105 ಡಿಗ್ರಿಯಲ್ಲಿ ಮೆತ್ತಗಾಗುತ್ತದೆ, ಮತ್ತು ಶಾಖವನ್ನು ಹರಿಯಗೊಡುವುದರಲ್ಲಿ ಹಿತ್ತಾಳೆಗಿಂತ ನೂರಾರು ಪಟ್ಟು ಹಿಂದೆ. ಒಣ ಕಾಗದವನ್ನು ಒತ್ತಿ ಉಜ್ಜಿದಾಗ ಹುಟ್ಟಿದ ಬಿಸಿ ಒಳಕ್ಕೂ ಹೋಗದೆ, ಹೊರಕ್ಕೂ ಬೇಗ ಹೋಗದೆ ಮೇಲಿನ ತೆಳು ಪದರದಲ್ಲೇ ನಿಲ್ಲುತ್ತದೆ. ಆ ಪದರ ಹಿಗ್ಗಲು ನೋಡುತ್ತದೆ, ತಣ್ಣಗಿರುವ ಒಳಭಾಗ ಬಿಡುವುದಿಲ್ಲ, ಹೀಗಾಗಿ ಮೆತ್ತಗಾದ ಪದರ ಇದ್ದಲ್ಲೇ ಅದುಮಿಕೊಳ್ಳುತ್ತದೆ. ಆಮೇಲೆ ತಣಿಯುವಾಗ ಅದೇ ಪದರ ಕುಗ್ಗಬೇಕು, ಈಗಲೂ ಒಳಭಾಗ ಬಿಡುವುದಿಲ್ಲ, ಆದ್ದರಿಂದ ಅದು ಮದ್ದಳೆಯ ಚರ್ಮದಂತೆ ಬಿಗಿದುಕೊಂಡು ಕೂರುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಬಿಗಿದ ಆ ಚರ್ಮಕ್ಕೆ ಸ್ಪಿರಿಟ್ ಮುಟ್ಟಿಸಿದಿರೋ, ಕೆಲವೊಮ್ಮೆ ನಿಂತ ಹಾಗೆಯೇ, ಕೆಲವೊಮ್ಮೆ ದಿನಗಳ ಮೇಲೆ, ಸಾವಿರ ಕಡೆ ಬಿರಿಯುತ್ತದೆ.

ನಂಬಿಕೆಯಾಗದಿದ್ದರೆ ಒಂದು ಪ್ರಯೋಗ ಮಾಡಿ ನೋಡಿ. ನಮ್ಮಲ್ಲಿ ಹಾಳೆಯ ಅಂಚಿಗೆ ಸಣ್ಣ ಗ್ಯಾಸ್ ಜ್ವಾಲೆ ಹಾಯಿಸಿ ಹೊಳಪು ತರುವ ಪದ್ಧತಿಯಿದೆ. ಹೊಸದಾಗಿ ಸೇರುವ ಹುಡುಗರಿಗೆ ನಾನು ಹಾಗೆ ಹೊಳಪಿಸಿದ ಒಂದು ಚೂರನ್ನು ಕೊಟ್ಟು, ಅಂಚಿಗೆ ಸ್ಪಿರಿಟ್ ಹಚ್ಚಲು ಹೇಳುತ್ತೇನೆ. ಹಚ್ಚಿ, ಹತ್ತಿಯನ್ನು ಕೆಳಗಿಡುವಷ್ಟರಲ್ಲಿ ಕನ್ನಡಿಯಂತಿದ್ದ ಅಂಚಿನಲ್ಲಿ ಸಣ್ಣ ಸಣ್ಣ ಗೆರೆಗಳು ಒಂದರ ಪಕ್ಕ ಒಂದು, ಮೀನಿನ ಮುಳ್ಳಿನಂತೆ ಒಳಕ್ಕೆ ಇಳಿಯುತ್ತವೆ. ಒಮ್ಮೆ ಅದನ್ನು ಕಂಡವರು ಮತ್ತೆ ಬೋರ್ಡಿಗೆ ಸ್ಪಿರಿಟ್ ಮುಟ್ಟಿಸುವುದಿಲ್ಲ. ಥಿನ್ನರ್, ಉಗುರು ಬಣ್ಣ ತೆಗೆಯುವ ದ್ರವ ಇವುಗಳ ಮಾತು ಬಿಡಿ, ಅವು ಅಕ್ರಿಲಿಕ್ಕನ್ನೇ ಕರಗಿಸುತ್ತವೆ; ಹಾಳೆಗೆ ಹಾಳೆ ಅಂಟಿಸಲು ನಾವು ಕ್ಲೋರೋಫಾರ್ಮ್ ಬಳಸುವುದೂ ಅದು ಕರಗಿಸುತ್ತದೆಂಬ ಕಾರಣಕ್ಕೇ. ಪಾಲಿಶ್‌ನ ಜಿಡ್ಡು ತೆಗೆಯಲು ಉಗುರುಬೆಚ್ಚಗಿನ ಸೋಪುನೀರು ಸಾಕು.

ಕೊಳವೆಯ ಪಾಲೂ ಇದರಲ್ಲಿದೆ. ಬಿಸಿಗೆ ಅಕ್ರಿಲಿಕ್ ಹಿತ್ತಾಳೆಗಿಂತ ಸುಮಾರು ನಾಲ್ಕು ಪಟ್ಟು ಹಿಗ್ಗುತ್ತದೆ. ನಿಮ್ಮ ಕೊಳವೆ 53 ಮಿ.ಮೀ. ಉದ್ದವಿದ್ದು, ಉಜ್ಜುವಾಗ ಪೆನ್ನು 40 ಡಿಗ್ರಿಯಷ್ಟು ಬಿಸಿಯೇರಿತೆಂದು ಹಿಡಿದರೆ ಅಕ್ರಿಲಿಕ್ ಉದ್ದದಲ್ಲಿ ಸುಮಾರು 0.15 ಮಿ.ಮೀ. ಬೆಳೆಯುತ್ತದೆ, ಹಿತ್ತಾಳೆ 0.04 ಮಿ.ಮೀ. ಮಾತ್ರ. ಕೂದಲಿನಷ್ಟು ದಪ್ಪದ ಈ ವ್ಯತ್ಯಾಸವನ್ನು ನಡುವಿನ ಅಂಟು ತಡೆದುಕೊಳ್ಳಬೇಕು. ತಡೆದುಕೊಂಡರೆ ಅಕ್ರಿಲಿಕ್ ಬಿಗಿಯುತ್ತದೆ, ತಡೆಯದಿದ್ದರೆ ಅಂಟು ಬಿಡುತ್ತದೆ. ಆದ್ದರಿಂದ ಕೈಗೆ ಬೆಚ್ಚಗೆ ತಾಗಿತು ಎಂದ ಕ್ಷಣ ನಿಲ್ಲಿಸುವುದು ಒಳ್ಳೆಯದು. ಉಜ್ಜುವಾಗ ವೇಗವನ್ನು ಅರ್ಧಕ್ಕೂ ಕೆಳಗಿಳಿಸಿ, ಕಾಗದ ಸದಾ ತೊಯ್ದಿರಲಿ. ಶೆಡ್ಡು ರಾಡಿಯಾಗುವುದನ್ನು ತಪ್ಪಿಸಲು ಲೇತಿನ ಹಾಸಿನ ಮೇಲೆ ಒಂದು ಹಳೆಯ ಪ್ಲಾಸ್ಟಿಕ್ ಟ್ರೇ ಇಟ್ಟುಕೊಂಡರಾಯಿತು. ಒಣದಾಗಿ ಉಜ್ಜಿದರೆ ಆ ಬಿಳಿ ಧೂಳು ನಿಮ್ಮ ಶ್ವಾಸಕೋಶಕ್ಕೂ ಹೋಗುತ್ತದೆ.

ಡ್ರಿಲ್ ಮಾಡುವಾಗಲೂ ಇದೇ ನಿಯಮ, ಅಲ್ಲಿ ಬಿಸಿ ಹೋಗಲು ಜಾಗವೇ ಇರುವುದಿಲ್ಲ. 400–500ರ ವೇಗದಲ್ಲಿ, ನಾಲ್ಕೈದು ಮಿ.ಮೀ. ಕೊರೆದು ಹೊರಗೆಳೆದು ಚೂರು ಕೊಡವಿ, ಎರಡು ತೊಟ್ಟು ನೀರು ಬಿಟ್ಟು ಮುಂದುವರಿಯಿರಿ. ಕೊನೆಯಲ್ಲಿ ಡ್ರಿಲ್ ಆಚೆ ಬರುವಾಗ ತಳ ಸಿಡಿಯುವುದುಂಟು, ಅದಕ್ಕೆ ತುಂಡನ್ನು ಅರ್ಧ ಅಂಗುಲ ಉದ್ದವಾಗಿಯೇ ಇಟ್ಟು, ಆಚೆ ತೂತು ಬೀಳದಂತೆ ಕೊರೆದು, ಆಮೇಲೆ ಆ ತುದಿಯನ್ನು ಗರಗಸದಲ್ಲಿ ಕತ್ತರಿಸಿ ತೆಗೆಯುವುದು ಲೇಸು.

ಬಹಳ ಬೆಲೆಯ ತುಂಡಾದರೆ ಇನ್ನೊಂದು ಉಪಾಯವಿದೆ. ಕೊರೆದ ಮೇಲೆ, ಕೊಳವೆ ಅಂಟಿಸುವ ಮೊದಲು, 80 ಡಿಗ್ರಿಯ ಓವನ್‌ನಲ್ಲಿ ಐದಾರು ಗಂಟೆ ಇಟ್ಟು, ಆರಿಸಿ, ಬಾಗಿಲು ತೆರೆಯದೆ ರಾತ್ರಿಯೆಲ್ಲ ಹಾಗೆಯೇ ತಣಿಯಲು ಬಿಟ್ಟರೆ ಒಳಗಿನ ಬಿಗಿತ ಸಡಿಲುತ್ತದೆ. ಅಡುಗೆಮನೆಯ ಓವನ್ನಿನ ಗುಂಡಿ 80 ಎಂದು ತೋರಿಸಿದರೂ ಒಳಗೆ 100 ಇರಬಹುದು, ಒಂದು ಥರ್ಮಾಮೀಟರ್ ಇಡಿ. ಇದನ್ನು ದಿನನಿತ್ಯದ ಪೆನ್ನಿಗೆ ಮಾಡಲು ನಾನು ಹೇಳುವುದಿಲ್ಲ.

ಉತ್ತರ
ಶಾಯಿ ಪೆನ್ನಿನವಳು, ಮೂಡಿಗೆರೆ

ನಾಮಫಲಕದವರು ಬಲೆಯ ಬಗ್ಗೆ ಬರೆದದ್ದು ಸರಿಯಾಗಿದೆ, ಆದರೆ ಕೆಂಗಂದು ಪೆನ್ನಿನ ಸೀಳಿಗೂ ಸ್ಪಿರಿಟ್ಟಿಗೂ ಸಂಬಂಧವಿಲ್ಲವೆಂದು ನನ್ನ ಅನಿಸಿಕೆ. ತುದಿಯಿಂದ ಹೊರಟ ಒಂಟಿ ಸೀಳು ಎಂದರೆ ಬಿಡಿಭಾಗಗಳನ್ನು ಒತ್ತಿ ಕೂರಿಸುವಾಗ ಆದ ಗಾಯ. ಪೆನ್ನಿನ ತುದಿಯಲ್ಲಿ 7 ಮಿ.ಮೀ. ಕೊಳವೆಯ ಸುತ್ತ ಉಳಿದಿರುವ ಅಕ್ರಿಲಿಕ್ ಅರ್ಧ ಮಿ.ಮೀ.ಗಿಂತ ತುಸು ಹೆಚ್ಚಿರುತ್ತದೆ, ಅಷ್ಟೇ. ಅಂಟಿಸುವಾಗ ಕೊಳವೆಯ ಒಳಗೆ ನುಗ್ಗಿದ ಗ್ಲೂ ಗಟ್ಟಿಯಾಗಿ ಕೂತಿದ್ದರೆ, ಕ್ಲಿಪ್ಪಿನ ಲೋಹದ ಭಾಗವನ್ನು ಒತ್ತಿದಾಗ ಕೊಳವೆ ಹಿಗ್ಗಿ ಅಕ್ರಿಲಿಕ್ಕನ್ನು ಸೀಳುತ್ತದೆ. ಕಡೆಯುವಾಗ ಎಲ್ಲ ಸರಿಯಾಗಿ ಬಂದು ಕಟ್ಟಕಡೆಯ ಒತ್ತಿನಲ್ಲಿ ಟಿಕ್ ಎಂಬ ಸದ್ದು ಕೇಳಿಸಿದರೆ ಎಂಥವರಿಗೂ ಆ ದಿನ ಊಟ ಸೇರುವುದಿಲ್ಲ. ಅಂಟಿಸುವ ಮೊದಲು ಕೊಳವೆಯ ಎರಡೂ ಬಾಯಿಗೆ ಮೇಣವನ್ನೋ ಮಕ್ಕಳು ಆಡುವ ಜೇಡಿಯನ್ನೋ ಮೆತ್ತಿ. ಅಂಟು ಒಣಗಿದ ಮೇಲೆ ಅದನ್ನು ತೆಗೆದು, ಒಳಗೆ ಒಂದು ಸಣ್ಣ ದುಂಡು ಅರ ತಿರುಗಿಸಿ, ಬಾಯಿಯ ಒಳ ಅಂಚನ್ನು ಕೂದಲೆಳೆಯಷ್ಟು ಓರೆ ಮಾಡಿ. ತುದಿ ಕೊಳವೆಗೆ ಲಂಬವಾಗಿ ಚಪ್ಪಟೆಯಾಗಿರದೆ ಒಂದು ಕಡೆ ಎತ್ತರವಿದ್ದರೂ ಒತ್ತಡವೆಲ್ಲ ಆ ಒಂದೇ ಬಿಂದುವಿನ ಮೇಲೆ ಬೀಳುತ್ತದೆ. ಕೂರಿಸಲು ಸುತ್ತಿಗೆ ಬೇಡ, ಬೆಂಚ್ ವೈಸಿನ ದವಡೆಗೆ ಮರದ ಚೂರು ಇಟ್ಟು ನಿಧಾನವಾಗಿ ತಿರುಗಿಸಿ.

ಸೂಪರ್ ಗ್ಲೂ ಬಗ್ಗೆ ನನಗೆ ತಕರಾರಿದೆ. ಅದು ಗಾಳಿಯ ತೇವದಿಂದಲೇ ಗಟ್ಟಿಯಾಗುವ ಅಂಟು. ಆಷಾಢದ ಮಳೆಯಲ್ಲಿ ನಮ್ಮ ಮೂಡಿಗೆರೆಯಲ್ಲಿ ಕೊಳವೆ ಅರ್ಧ ಒಳಗೆ ಹೋಗುವಷ್ಟರಲ್ಲಿ ಕಚ್ಚಿಕೊಂಡು ನಿಂತದ್ದನ್ನು ಎರಡು ಸಲ ಅನುಭವಿಸಿದ್ದೇನೆ, ಆಚೆಗೂ ಇಲ್ಲ ಈಚೆಗೂ ಇಲ್ಲ. ಎರಡು ಟ್ಯೂಬಿನಿಂದ ಸಮಸಮ ಬೆರೆಸುವ ಎಪಾಕ್ಸಿ ಅಂಟು ನಿಧಾನವಾದರೂ ಕೊಳವೆಯನ್ನು ತಿರುಗಿಸುತ್ತಾ ಕೂರಿಸಲು ಸಮಯ ಕೊಡುತ್ತದೆ. ಕೊಳವೆಯ ಹೊರಮೈಯನ್ನು 150ರ ಕಾಗದದಿಂದ ಒರಟು ಮಾಡುವುದನ್ನು ಮರೆಯಬೇಡಿ.

ಹಿತ್ತಾಳೆ ತೋರುವುದಕ್ಕೆ ಮದ್ದು ಸುಲಭ. ತಿಳಿ ಬಣ್ಣದ ಅಕ್ರಿಲಿಕ್ ಪೂರ್ತಿ ಅಪಾರದರ್ಶಕವಲ್ಲ, ತೆಳ್ಳಗೆ ಕಡೆದಷ್ಟೂ ಒಳಗಿನದು ಕಾಣುತ್ತದೆ. ನೀರಿನಲ್ಲಿ ಕಲಸುವ ಬಿಳಿ ಬಣ್ಣವನ್ನು ತೂತಿನ ಒಳಗೋಡೆಗೆ ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಬಳಿದು, ಒಂದು ಹಗಲು ಒಣಗಿಸಿ, ಕೊಳವೆಗೂ ಅದೇ ಬಣ್ಣ ಹಚ್ಚಿ ಆಮೇಲೆ ಅಂಟಿಸಿ. ಕೊಳವೆಗೆ ಮಾತ್ರ ಬಣ್ಣ ಹಚ್ಚಿದರೆ ಒಳಗೆ ತಳ್ಳುವಾಗ ಕೆರೆದುಹೋಗುವುದುಂಟು. ಅವಸರಕ್ಕೆ ನಾನೊಮ್ಮೆ ಉಗುರು ಬಣ್ಣ ಬಳಸಿ, ತೂತಿನ ಗೋಡೆ ಜೋನಿಬೆಲ್ಲದಂತೆ ಅಂಟಂಟಾಗಿ ತುಂಡನ್ನೇ ಬಿಸಾಡಿದ್ದೇನೆ, ಕರಗಿಸುವ ದ್ರವಗಳ ಬಗ್ಗೆ ಮೇಲಿನವರು ಹೇಳಿದ ಮಾತು ಒಳಗೋಡೆಗೂ ಅನ್ವಯಿಸುತ್ತದೆ.

ನಾನು ಮಾಡುವುದು ಹೆಚ್ಚಾಗಿ ಕೊಳವೆಯಿಲ್ಲದ ಶಾಯಿ ಪೆನ್ನು, ಅದರಲ್ಲೂ ಎಬೊನೈಟ್, ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಆಂಧ್ರದ ರಾಜಮಹೇಂದ್ರಿಯಲ್ಲಿ 1930ರ ದಶಕದಿಂದ ಕೈಯಿಂದ ಕಡೆಯುತ್ತಿರುವ ಪೆನ್ನುಗಳೂ ಇದರವೇ. ಕಡೆಯಲು ಅಕ್ರಿಲಿಕ್‌ಗಿಂತ ಎಷ್ಟೋ ಸಾಧು, ಚಕ್ಕೆ ಏಳುವುದಿಲ್ಲ, ಆದರೆ ಬಿಸಿಲಿನಲ್ಲಿಟ್ಟರೆ ಬಣ್ಣ ಮಾಸುತ್ತದೆ, ಮತ್ತು ಕಡೆಯುವಾಗ ಶೆಡ್ಡಿಗೆ ಬರುವ ಟೈರಿನ ವಾಸನೆಯನ್ನು ಮನೆಯವರು ಸಹಿಸಬೇಕು.

ಪ್ರಶ್ನಿಸಿದವರ ಮರುಬರಹ
ಹಾಸನದ ಹವ್ಯಾಸಿ

ಮೂವರಿಗೂ ಕೃತಜ್ಞತೆಗಳು. ಮೂರು ವಾರದ ಮೇಲೆ ಬರೆಯುತ್ತಿದ್ದೇನೆ, ಈ ನಡುವೆ ಇನ್ನೂ ಮೂರು ಪೆನ್ನು ಕಡೆದಿದ್ದೇನೆ.

ಮೈಕ್ರೋಮೆಶ್‌ನ ಲೆಕ್ಕ ಕೇಳಿ ನಾನು ತಲೆಯ ಮೇಲೆ ಕೈಹೊತ್ತು ಕೂತದ್ದು ನಿಜ. ಈಗ 800ರಿಂದ ಶುರುಮಾಡಿ, ಪ್ರತಿ ಸಲ ಲೇತ್ ನಿಲ್ಲಿಸಿ ಉದ್ದಕ್ಕೆ ಉಜ್ಜಿ, 2000 ಆದ ಮೇಲೆ 4000ಕ್ಕೆ ಹೋಗುತ್ತಿದ್ದೇನೆ. ಮೊದಲನೆಯ ಪೆನ್ನಿನಲ್ಲಿ 1000ದ ಹಂತದಲ್ಲೇ ಮೂರು ಉಂಗುರಗಳು ಉಳಿದಿದ್ದು ಸ್ಪಷ್ಟವಾಗಿ ಕಂಡವು, ಹಿಂದಕ್ಕೆ ಹೋಗಿ ಅಳಿಸಿ ಬಂದೆ. ಟ್ಯೂಬ್‌ಲೈಟಿನ ಕೆಳಗೆ ಈಗ ದೀಪದ ಬಿಂಬ ಅಂಚು ಕದಡದೆ ಕಾಣುತ್ತದೆ. ಸ್ಪಿರಿಟ್ಟಿನ ಸೀಸೆಯನ್ನು ಮನೆಯೊಳಗಿನ ಔಷಧದ ಡಬ್ಬಕ್ಕೆ ಹಿಂದಿರುಗಿಸಿದ್ದೇನೆ. ಬಲೆ ಬಿದ್ದ ನೀಲಿ ಪೆನ್ನನ್ನು ಮತ್ತೆ ಲೇತಿಗೆ ಏರಿಸಿ ಉಜ್ಜಿ ನೋಡಿದೆ, ಬಿರುಕುಗಳು ಆಳಕ್ಕೆ ಇಳಿದಿದ್ದರಿಂದ ಹೋಗಲಿಲ್ಲ.

ಆದರೆ ಹೊಸದೊಂದು ಕೊರತೆ ಹುಟ್ಟಿಕೊಂಡಿದೆ. ಬಿಳಿ ಪೆನ್ನಿನ ಎರಡೂ ತುದಿಗಳಲ್ಲಿ ಲೋಹದ ಉಂಗುರಕ್ಕಿಂತ ಅಕ್ರಿಲಿಕ್ ತುಸು ತಗ್ಗಾಗಿದೆ, ಬೆರಳಾಡಿಸಿದರೆ ಮೆಟ್ಟಿಲು ಸಿಕ್ಕಂತಾಗುತ್ತದೆ. ಅದೇ ತುದಿಗಳಲ್ಲಿ ಮಸಿಯಂಥ ಬೂದು ಛಾಯೆಯೂ ಹಿಡಿದಿದೆ, ಎಷ್ಟು ತೊಳೆದರೂ ಪೂರ್ತಿ ಬಿಡುತ್ತಿಲ್ಲ. ಮರದ ಪೆನ್ನುಗಳಲ್ಲಿ ಹೀಗಾದದ್ದು ನೆನಪಿಲ್ಲ.

ಉತ್ತರ
ಪಲ್ಪರ್ ಟರ್ನರ್, ಚಿಕ್ಕಮಗಳೂರು

ಎರಡಕ್ಕೂ ಕಾರಣ ನಿಮ್ಮ ಮ್ಯಾಂಡ್ರೆಲ್ ಮೇಲಿರುವ ಉಕ್ಕಿನ ಬುಷ್ಷುಗಳೇ, ಅಂದರೆ ತುಂಡಿನ ಎರಡೂ ತುದಿಗೆ ಕೂರುವ ಬಳೆಗಳು. ಕಾಗದ ಬುಷ್ಷಿಗೂ ಅಕ್ರಿಲಿಕ್ಕಿಗೂ ಒಟ್ಟಿಗೆ ತಾಗುತ್ತದೆ, ಉಕ್ಕು ಸವೆಯುವುದು ಕಡಿಮೆ, ಅದರ ಪಕ್ಕದ ಅಕ್ರಿಲಿಕ್ ಬೇಗ ಸವೆದು ತಗ್ಗಾಗುತ್ತದೆ. ಬುಷ್ಷಿನಿಂದ ಎದ್ದ ಕಪ್ಪು ಪುಡಿ ನೀರಿನಲ್ಲಿ ಕಲೆಸಿಕೊಂಡು ಬಿಳಿ ಅಕ್ರಿಲಿಕ್ಕಿನ ಗೀರುಗಳೊಳಗೆ ಕೂರುತ್ತದೆ. ಮರದಲ್ಲಿ ನೀವು ಒದ್ದೆ ಉಜ್ಜುತ್ತಿರಲಿಲ್ಲ, ಬೀಟೆಯ ಬಣ್ಣದಲ್ಲಿ ಮಸಿ ಕಾಣುತ್ತಲೂ ಇರಲಿಲ್ಲ. ಬೂದು ಛಾಯೆ ಹಿಡಿದಿರುವ ಪೆನ್ನಿಗೆ 1000ದಿಂದ ಮತ್ತೆ ಉಜ್ಜುವುದೊಂದೇ ದಾರಿ, ಆದರೆ ತುದಿ ಈಗಾಗಲೇ ತಗ್ಗಿರುವುದರಿಂದ ನಾನಾದರೆ ಅದನ್ನು ಹಾಗೆಯೇ ನನ್ನ ಜೇಬಿಗೆ ಇಟ್ಟುಕೊಳ್ಳುತ್ತೇನೆ.

ಮುಂದಿನದಕ್ಕೆ ಹೀಗೆ ಮಾಡಿ. ಕಡೆಯುವಾಗ ಬುಷ್ಷಿನ ಮಟ್ಟದವರೆಗೆ ಇಳಿಸಬೇಡಿ. ಪೆನ್ನಿನ ಲೋಹದ ಉಂಗುರವನ್ನೇ ವರ್ನಿಯರ್‌ನಲ್ಲಿ ಅಳೆದು, ಅದಕ್ಕಿಂತ 0.1 ಮಿ.ಮೀ. ದಪ್ಪ ಇರುವಾಗ ಉಳಿ ಕೆಳಗಿಡಿ. ಆ ಹೆಚ್ಚುವರಿ ನನ್ನ ಕೈಯಲ್ಲಿ 800ರಿಂದ 2000ದೊಳಗೆ ಸವೆದುಹೋಗುತ್ತದೆ, ನಿಮ್ಮ ಕೈಯ ಒತ್ತು ಬೇರೆಯಿರಬಹುದಾದ್ದರಿಂದ ಒಂದು ತುಂಡಿನ ಮೇಲೆ ಅಳೆದು ನೋಡಿಕೊಳ್ಳಿ. ಉಜ್ಜುವ ಕೆಲಸ ಶುರುವಾಗುವ ಮುನ್ನ ಉಕ್ಕಿನ ಬುಷ್ಷುಗಳನ್ನು ಬಿಚ್ಚಿ, ಅವುಗಳ ಜಾಗದಲ್ಲಿ ನೈಲಾನ್ ಕಡ್ಡಿಯಿಂದ ಮೊನಚಾಗಿ ಕಡೆದ ಎರಡು ಶಂಕುಗಳನ್ನು ಹಾಕಿ. ಅವು ಕೊಳವೆಯ ಬಾಯಿಯೊಳಗೆ ಮಾತ್ರ ಕೂರುವುದರಿಂದ ಕಾಗದ ತುದಿಯನ್ನು ದಾಟಿ ಆಚೆ ಹೋದರೂ ಏನನ್ನೂ ಕೆರೆಯುವುದಿಲ್ಲ. 20 ಮಿ.ಮೀ. ನೈಲಾನ್ ಕಡ್ಡಿ ಬೇರಿಂಗ್ ಮತ್ತು ಬೆಲ್ಟು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಅದಕ್ಕೆ ಮ್ಯಾಂಡ್ರೆಲ್ ಸರಳಿನ ಅಳತೆಯ ತೂತು ಹಾಕಿ, 60 ಡಿಗ್ರಿಯ ಮೊನೆ ಕಡೆಯಲು ನಿಮ್ಮ ಮರದ ಲೇತೇ ಸಾಕು. ನಟ್ ಬಿಗಿಯುವಾಗ ಮಾತ್ರ ಕೈಬೆರಳಿನ ಬಿಗಿ ಮೀರಬೇಡಿ, ಹೆಚ್ಚು ಬಿಗಿದರೆ ಸರಳು ಬಿಲ್ಲಿನಂತೆ ಬಾಗಿ ಪೆನ್ನಿನ ಒಂದು ಪಕ್ಕ ದಪ್ಪ, ಇನ್ನೊಂದು ಪಕ್ಕ ತೆಳುವಾಗುತ್ತದೆ.